ಸೊನ್ನೆ ಸೊನ್ನೆ

ರಿವೇರಾದಲ್ಲಿ ನಮ್ಮ ಬೀದಿಯ ನಡುವೆ ದೇಶ ಮುಗಿಯುತ್ತದೆ.
ಬೇಲಿಯಿಲ್ಲ, ಸುಣ್ಣ ಬಳಿದ ಒಂದು ಕಲ್ಲು;
ಅದಕ್ಕೆ ಬೆನ್ನುಜ್ಜುವ ನಾಯಿಗೆ ಎರಡು ಭಾಷೆ ಬರುತ್ತದೆ.
ಈಚೆ ನಾನು, ಉರುಗ್ವೆಯವಳು,
ಹೊಲಿಗೆ ಯಂತ್ರ ರಿಪೇರಿಯ ಸೆಲ್ಮಿರಾ.
ಆಚೆ ಬ್ರೆಜಿಲ್, ಅಂದರೆ ಅದಾವ್ತೊನ ಕಾಫಿ ಅಂಗಡಿ.

ರಾತ್ರಿ ಷಟರ್ ಎಳೆದ ಮೇಲೆ
ನನಗೆ ಇನ್ನೊಂದು ಕೆಲಸ, ಸಂಬಳವಿಲ್ಲದ್ದು:
ಒಂದು ಕಡತ ಕಾಯುವುದು.
ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ,
ಯಾರೊಬ್ಬರ ಸೊತ್ತೂ ಅಲ್ಲದ
ಕಂಪ್ಯೂಟರ್ ವ್ಯವಸ್ಥೆಯ ಮೂಲೆಯೊಂದರಲ್ಲಿ
ದೇಶಗಳು ಎರಡೆರಡು ಅಕ್ಷರವಾಗಿ ಕೂತಿವೆ.
ಒಂದೊಂದರ ಕೆಳಗೆ ನಾಲ್ಕಾರು ಸಾಲು:
ಈ ಅಲೆಯಿಂದ ಆ ಅಲೆಯವರೆಗೆ ಮಾತಾಡಬಹುದು,
ದನಿ ಇಷ್ಟಕ್ಕಿಂತ ಏರಬಾರದು,
ಇದು ಮನೆಯೊಳಗೆ ಮಾತ್ರ, ಅದು ಅಂಗಳದಲ್ಲೂ ಸರಿ.

ಕೆಲವು ಸಾಲಿನ ತುದಿಗೆ ಒಂದು ಗುರುತು: ರೇಡಾರ್, ಎಚ್ಚರ.
ಮೋಡ ಹುಡುಕುವವರೂ ಅದೇ ಗಾಳಿಯಲ್ಲಿ ಬದುಕಬೇಕಲ್ಲ.
ಅಲ್ಲಿ ಬಾಯಿ ತೆರೆಯುವ ಮುನ್ನ
ಒಂದು ನಿಮಿಷವಾದರೂ ಸುಮ್ಮನೆ ಕೇಳಬೇಕು.
ಅದರ ಮಿಡಿತ ಕಿವಿಗೆ ಬಿತ್ತೋ, ಜಾಗ ಬಿಟ್ಟು ಏಳಬೇಕು,
ಅರ್ಧ ಗಂಟೆ ಅತ್ತ ತಲೆ ಹಾಕಬಾರದು.
ಇದನ್ನು ಅಕ್ಕ ನೀದಿಯಾಳಿಗೆ ಓದಿ ಹೇಳಿದೆ.
"ನನ್ನ ಗಂಡನಿಗೆ ಯಾರೂ ಇದನ್ನು ಕಲಿಸಲೇ ಇಲ್ಲ" ಎಂದಳು.

ಅದಾವ್ತೊನ ಡಬ್ಬಿ ಗಳಿಗೆಗೆ ಹತ್ತು ಸಲ ತನ್ನ ದೇಶದ ಹೆಸರು ಕೂಗುತ್ತದೆ,
ನನ್ನದು ನನ್ನದನ್ನು.
ಕಲ್ಲಿನ ಪಕ್ಕ ಕೂತ ಗಿರಾಕಿಯ ಲ್ಯಾಪ್‌ಟಾಪ್
ಎರಡನ್ನೂ ಕೇಳಿಸಿಕೊಂಡು
ಇಬ್ಬರೂ ಒಪ್ಪಿದ್ದನ್ನಷ್ಟೇ ಆಡುತ್ತದೆ.
ನಿಧಾನವೆಂದು ಅವನು ನನ್ನನ್ನು ಬೈಯುತ್ತಾನೆ.

ಪಟ್ಟಿಯ ತಲೆಯಲ್ಲಿ ಅಕ್ಷರವಿಲ್ಲದ ಒಂದು ದೇಶ: ಸೊನ್ನೆ ಸೊನ್ನೆ.
ತಾನೆಲ್ಲಿದ್ದೇನೆಂದು ತಿಳಿಯದ ಯಂತ್ರ ಅಲ್ಲಿಯ ಪ್ರಜೆ.
ಹಲವು ಅಲೆಗಳಲ್ಲಿ ಅಲ್ಲಿ ಮೊದಲ ಮಾತು ನಿನ್ನದಲ್ಲ.
ಯಾರಾದರೂ ಕರೆದರೆ ಓಗೊಡು,
ಇಲ್ಲವೆ ಬರೀ ಕಿವಿಯಾಗಿರು.

ಮಾರ್ಚಿನಲ್ಲಿ ಒಂದು ಪತ್ರ ಬಂತು.
"ನಿಮ್ಮ ಪಟ್ಟಿಯಲ್ಲಿ ನಮ್ಮ ದ್ವೀಪವಿಲ್ಲ."
ಅಷ್ಟೇ. ಕೆಳಗೆ ಹೆಸರು, ಲೊಸಲೀನಿ;
ಆಸ್ಪತ್ರೆಯ ದಾದಿ, ವೈರುಗಳ ಉಸ್ತುವಾರಿಯೂ ಅವಳದೇ.

ನಾಚಿಕೆಯಾಯಿತು. ಆದರೂ ಬರೆದೆ:
ಸರ್ಕಾರಿ ಗೆಜೆಟ್ ಕಳಿಸಿ, ಪುಟಸಂಖ್ಯೆ ಸಮೇತ.
ಮರುಕದಿಂದ ಒಂದು ಸಾಲು ಸೇರಿಸುವಂತಿಲ್ಲ,
ಅಂದಾಜಿನಿಂದ ಒಂದು ಅಂಕಿಯನ್ನೂ.
ಮಾತು ಆಡಿದರೆ ಹೋಯಿತು;
ಎಲ್ಲೋ ಒಬ್ಬರ ರೇಡಾರ್ ಪರದೆಯಲ್ಲಿ
ಇಲ್ಲದ ಮಳೆ ಗೆರೆಗೆರೆಯಾಗಿ ಸುರಿಯುತ್ತದೆ.

ಏಳು ವಾರ.
ಇಲಾಖೆಯ ಕಪಾಟಿನ ಕೀಲಿ ಇಟ್ಟುಕೊಂಡವನು ಮೀನಿಗೆ ಹೋಗಿದ್ದನಂತೆ,
ಬರುವಾಗ ಕೀಲಿಯನ್ನು ಮೀನಿಗೇ ಕೊಟ್ಟು ಬಂದನಂತೆ.
ಕಡೆಗೊಂದು ಫೋಟೊ: ಉಪ್ಪುನೀರಿಗೆ ಉಬ್ಬಿದ ಹಾಳೆ,
ಮೂಲೆಯನ್ನು ಒತ್ತಿ ಹಿಡಿದ ಹೆಬ್ಬೆರಳು.
ಒಂದು ಅಂಕಿ ಮೂರೋ ಎಂಟೋ ತಿಳಿಯದು.
ಮತ್ತೆ ಕೇಳಿದೆ.
"ಮಂತ್ರಿಯನ್ನೇ ವಿಚಾರಿಸಿದೆ, ಮೂರು."
ಮಂತ್ರಿಯ ಬಾಯಿಮಾತು ಸಾಲದು ಎಂದೆ.
ಅವಳು ತನ್ನ ಭಾಷೆಯಲ್ಲಿ ಬೈದಳು, ಅರ್ಥ ಹುಡುಕಲಿಲ್ಲ;
ಜೊತೆಗೆ ಮೂಲಪ್ರತಿಯ ಚಿತ್ರವಿತ್ತು.
ಮೂರೇ.

ಐದು ಸಾಲು ಬರೆದೆ. ಇಬ್ಬರು ಓದಿ ಸರಿ ಎಂದರು.
ಮೊಹರು ಒತ್ತಿದೆ. ಮೊಹರಿಲ್ಲದ ಕಡತವನ್ನು
ಯಾವ ಯಂತ್ರವೂ ನಂಬುವುದಿಲ್ಲ.
ಒತ್ತುವ ಗುಟ್ಟು ನನ್ನ ಹತ್ತಿರ ಮಾತ್ರ ಇದೆ,
ಎಣ್ಣೆ ಡಬ್ಬಿಗಳ ಹಿಂದೆ, ಬಾಬಿನ್ ಪೆಟ್ಟಿಗೆಯಲ್ಲಿ.
ನನಗೀಗ ಅರವತ್ತೆಂಟು. ಯಾರಿಗಾದರೂ ತೋರಿಸಿಡಬೇಕು.

ಹೊಸ ಕಡತ ಹಾಕಿ ನನ್ನ ಯಂತ್ರ ಆರಿಸಿ ಹಚ್ಚಿದೆ.
ಏಳುವಾಗ ಒಂದೆರಡು ಕ್ಷಣ ಅದಕ್ಕೂ ಊರಿಲ್ಲ.
ಆ ಹೊತ್ತು ನನಗಿಷ್ಟ, ಏಕೆಂದು ಹೇಳಲಾರೆ;
ನಾಯಿ ಗಡಿ ದಾಟುವ ಉಗುರಿನ ಸದ್ದೂ ಕೇಳುತ್ತದೆ.

ಬೆಳಿಗ್ಗೆ ಲೊಸಲೀನಿಯ ಉತ್ತರ:
"ಸಿಕ್ಕಿತು. ಹಾಕಿದ್ದೇನೆ.
ಇಲ್ಲಿ ನಿನ್ನೆಯಿಂದ ಕರೆಂಟಿಲ್ಲ.
ಬಂದರೆ ಗೊತ್ತಾಗುತ್ತದೆ."